ತಾಂತ್ರಿಕ ವಿದ್ಯೆಯ ಮೆಟ್ಟಿಲುಗಳು

ಮಡಗಾಂವದಿಂದ ಕಾರವಾರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಕುಂಕಳ್ಳಿ ಎಂಬ ಊರಿದೆ. ಪೋರ್ತುಗೀಸರ ದಬ್ಬಾಳಿಕೆಯನ್ನು 1583ರಷ್ಟು ಹಿಂದೆಯೇ ಎದುರಿಸಿ ನಿಂತ ಊರೆಂದು ಚರಿತ್ರೆಯಲ್ಲಿ ಅದಕ್ಕೆ ಹೆಸರುಂಟು. ಈಗ ಅದಕ್ಕೆ ಇನ್ನೊಂದು ಹೆಸರೂ ಬಂದಿದೆ. ದೇಶದಲ್ಲಿರುವ ಮೂವತ್ತೊಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಒಂದು ಅಲ್ಲಿ ನೆಲೆಗೊಂಡಿದೆ. 2010ರಲ್ಲಿ ಆರಂಭವಾದ ಈ ಸಂಸ್ಥೆಯು ಅನೇಕ ವರ್ಷಗಳ ಕಾಲ ಫೋಂಡಾದ ಬಳಿಯ ಫರ್ಮಾಗುಡಿಯಲ್ಲಿ, ಗೋವಾ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ತಾತ್ಕಾಲಿಕವಾಗಿ ನಡೆಯುತ್ತಿತ್ತು. ಕುಂಕಳ್ಳಿಯಲ್ಲಿ ಅದಕ್ಕಾಗಿ ಕಟ್ಟಿದ ಸ್ವಂತ ಆವರಣವು 2024ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳಿಂದ ಉದ್ಘಾಟಿತವಾಯಿತು.

ಇಂತಹ ಕಟ್ಟಡಗಳು ತಾವಾಗಿ ಏಳುವುದಿಲ್ಲ. ಅಡಿಪಾಯ ಅಗೆಯುವವರು, ಕಬ್ಬಿಣ ಕಟ್ಟುವವರು, ಬುಟ್ಟಿ ಹೊರುವವರು, ಗೋಡೆಯನ್ನು ಓಳಂಬಿಗೆ ಹಿಡಿದು ಏರಿಸುವವರು ಸೇರಿದಾಗಲೇ ಅವು ಏಳುತ್ತವೆ. ಗೋವೆಯಲ್ಲಿ ಈ ಕೆಲಸಗಳನ್ನು ಮಾಡುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಮೊದಲಾದ ಕಡೆಗಳಿಂದ ಬಂದ ಕನ್ನಡಿಗರು ಬಹುಮಂದಿ ಇದ್ದಾರೆ. ತಾಯಿ ತಂದೆಗಳು ಬೆವರು ಸುರಿಸಿ ಕಟ್ಟುವ ಇಂಥ ವಿದ್ಯಾಮಂದಿರಗಳೊಳಗೆ ಅವರ ಮಕ್ಕಳು ವಿದ್ಯಾರ್ಥಿಗಳಾಗಿ ಹೆಜ್ಜೆಯಿಡಬಲ್ಲರೇ? ಇಡಬಲ್ಲರು ಎಂಬುದೇ ಈ ಲೇಖನದ ಉತ್ತರ. ಆದರೆ ಅದಕ್ಕೆ ದಾರಿ ಯಾವುದು, ಮೆಟ್ಟಿಲುಗಳು ಎಷ್ಟು, ಯಾವ ಮೆಟ್ಟಿಲಲ್ಲಿ ಯಾವ ಬಾಗಿಲು ತೆರೆಯುತ್ತದೆ ಎಂಬುದನ್ನು ತಿಳಿದಿರಬೇಕು. ದಾರಿ ತಿಳಿಯದ್ದರಿಂದಲೇ ಎಷ್ಟೋ ಮಕ್ಕಳ ಓದು ಹತ್ತನೆಯ ತರಗತಿಗೆ ನಿಂತುಹೋಗುತ್ತದೆ.

ತಾಂತ್ರಿಕ ವಿದ್ಯೆ ಎಂದರೇನು?

ಕಾಲೇಜುಗಳಲ್ಲಿ ಕಲಿಸುವ ತಾಂತ್ರಿಕ ವಿಷಯಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಅನ್ವಯಿಕ ತಂತ್ರವಿದ್ಯೆ, ವಸ್ತುಗಳ ತಯಾರಿಕೆ, ಕಟ್ಟಡ ಮತ್ತು ರಸ್ತೆ ಸೇತುವೆಗಳ ನಿರ್ಮಾಣ, ಹಾಗೂ ಕೆಲಸಗಳ ಯೋಜನೆ ಮತ್ತು ನಿರ್ವಹಣೆ. ಹೆಸರುಗಳು ದೊಡ್ಡವಾಗಿ ತೋರಿದರೂ ಇವುಗಳ ಬೇರು ನಮ್ಮ ನಿತ್ಯದ ಬಾಳಿನಲ್ಲಿಯೇ ಇದೆ.

ಅನ್ವಯಿಕ ತಂತ್ರವಿದ್ಯೆಯೆಂದರೆ ಶಾಲೆಯಲ್ಲಿ ಕಲಿತ ವಿಜ್ಞಾನವನ್ನು ಕೆಲಸಕ್ಕೆ ಹಚ್ಚುವುದು. ತಂತಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚಿದಂತೆ ತಂತಿ ಬಿಸಿಯಾಗುತ್ತದೆಂದು ಪಾಠದಲ್ಲಿ ಓದುತ್ತೇವೆ. ಅದನ್ನೇ ಮನೆಯ ವಿದ್ಯುತ್ ಜೋಡಣೆಗೆ ಅನ್ವಯಿಸಿದರೆ, ದೀಪಕ್ಕೆ ಸಾಕಾಗುವ ತೆಳುವಾದ ತಂತಿಯು ನೀರೆತ್ತುವ ಮೋಟಾರಿಗೆ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ. ರೂಢಿಯಿಂದ ಕೆಲಸ ಮಾಡುವವನಿಗೆ ಹೇಗೆ ಮಾಡಬೇಕೆಂಬುದು ಗೊತ್ತು. ವಿದ್ಯೆ ಕಲಿತವನಿಗೆ ಏಕೆ ಹಾಗೆ ಮಾಡಬೇಕೆಂಬುದೂ ಗೊತ್ತು. ಕೆಲಸ ಕೆಟ್ಟ ದಿನ, ಅಥವಾ ಹೊಸ ಬಗೆಯ ಕೆಲಸ ಬಂದ ದಿನ, ಈ ಎರಡನೆಯ ತಿಳಿವೇ ಕೈಹಿಡಿಯುತ್ತದೆ.

ತಯಾರಿಕೆಯ ಗುಟ್ಟು ಅಳತೆಯಲ್ಲಿದೆ. ಹಿಂದೆ ಬಡಿಗನು ಗಾಡಿಯ ಅಚ್ಚನ್ನು ಆಯಾ ಗಾಲಿಗೆ ಒಪ್ಪುವಂತೆ ಕೆತ್ತಿ ಕೂರಿಸುತ್ತಿದ್ದನು. ಆ ಅಚ್ಚು ಬೇರೊಂದು ಗಾಲಿಗೆ ಒಪ್ಪುತ್ತಿರಲಿಲ್ಲ. ಇಂದಿನ ಕಾರಖಾನೆಯಲ್ಲಿ ಒಂದೆಡೆ ಸಾವಿರ ಅಚ್ಚುಗಳೂ ಇನ್ನೊಂದೆಡೆ ಸಾವಿರ ರಂಧ್ರಗಳೂ ತಯಾರಾಗುತ್ತವೆ. ಯಾವ ಅಚ್ಚನ್ನು ತೆಗೆದು ಯಾವ ರಂಧ್ರದಲ್ಲಿಟ್ಟರೂ ಅದು ಕೂಡಬೇಕು. ಇದಕ್ಕಾಗಿ ಅಳತೆಗೆ ಒಂದು ಎಲ್ಲೆಯನ್ನು ಕಟ್ಟುತ್ತಾರೆ. ರಂಧ್ರವು 25.00 ಮಿಲಿಮೀಟರಿನಿಂದ 25.02 ಮಿಲಿಮೀಟರಿನೊಳಗೂ, ಅಚ್ಚು 24.96ರಿಂದ 24.98ರೊಳಗೂ ಇರಲಿ ಎಂದು ನಿಯಮಿಸಿದರೆಂದು ಭಾವಿಸೋಣ. ಆಗ ಎಂತಹ ಜೋಡಿಯಾದರೂ ನಡುವಿನ ಎಡೆ 0.02ಕ್ಕಿಂತ ಕಿರಿದಾಗದು, 0.06ಕ್ಕಿಂತ ಹಿರಿದಾಗದು. ಲೇಥಿನ ಮುಂದೆ ನಿಂತ ಕೆಲಸಗಾರನು ಪಾಲಿಸಬೇಕಾದ ಈ ಎಲ್ಲೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ದಶಮಾಂಶದ ಲೆಕ್ಕವನ್ನು ಬೇಸರದಿಂದ ಬಿಡಿಸುವ ಬಾಲಕರು ಇದನ್ನು ನೆನಪಿಡಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮಷೀನ್ ಟೂಲ್ಸ್ ಕಾರಖಾನೆಯು ಯಂತ್ರಗಳನ್ನು ಮಾಡುವ ಯಂತ್ರಗಳನ್ನೇ ತಯಾರಿಸಿ, ಇಂತಹ ಸೂಕ್ಷ್ಮ ಅಳತೆಯ ಕೆಲಸದಲ್ಲಿ ಅಸಂಖ್ಯ ಕನ್ನಡದ ಯುವಕರ ಕೈಯನ್ನು ಪಳಗಿಸಿತು.

ಒಂದು ಚೀಲ ಸಿಮೆಂಟಿನ ಪಾಠ

ನಿರ್ಮಾಣದ ವಿದ್ಯೆಯಲ್ಲಿ ರೂಢಿಗೂ ಶಾಸ್ತ್ರಕ್ಕೂ ಇರುವ ಅಂತರವನ್ನು ಕಾಣಲು ಒಂದು ಚೀಲ ಸಿಮೆಂಟು ಸಾಕು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಬಹುಜನರ ನಂಬಿಕೆ. ಅದು ಸರಿಯಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಈ ಕೂಡಿಕೆಗೆ ಬೇಕಾಗುವ ನೀರು ಅಲ್ಪ. ಕಲಸಲು ಸುಲಭವಾಗಲೆಂದು ಹೆಚ್ಚು ನೀರು ಸುರಿದರೆ, ಉಳಿದ ನೀರು ಕಾಲಕ್ರಮದಲ್ಲಿ ಆರಿಹೋಗಿ, ಅದಿದ್ದ ಕಡೆಯಲ್ಲೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳಿಂದ ಬಲ ಕುಗ್ಗುತ್ತದೆ. ಮಳೆಯ ನೀರೂ ಕಡಲ ತೀರದ ಉಪ್ಪಿನಂಶವುಳ್ಳ ಗಾಳಿಯೂ ಒಳಸೇರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಗೋವೆಯಂತಹ ಕರಾವಳಿಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯುಂಟು.

ಆದುದರಿಂದಲೇ, 2000ನೆಯ ಇಸವಿಯಲ್ಲಿ ಪರಿಷ್ಕೃತವಾಗಿ ಪ್ರಕಟವಾದ ಭಾರತೀಯ ಮಾನಕ 456ರಲ್ಲಿ, ಎಂ-20 ಎಂಬ ದರ್ಜೆಯ ಕಾಂಕ್ರೀಟನ್ನು ಸಾಮಾನ್ಯ ಪ್ರಮಾಣದಿಂದ ಕಲಸುವಾಗ 50 ಕಿಲೋಗ್ರಾಮಿನ ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದೆಂದು ವಿಧಿಸಲಾಗಿದೆ. ಉಸುಕು ಮೊದಲೇ ಒದ್ದೆಯಾಗಿದ್ದರೆ ಅದರೊಳಗಿನ ನೀರನ್ನೂ ಈ ಲೆಕ್ಕದಲ್ಲಿಯೇ ಹಿಡಿಯಬೇಕು. ಕಾಂಕ್ರೀಟು ಹಾಕಿದ ಮೇಲಾದರೋ ಮಾತು ಬದಲಾಗುತ್ತದೆ. ಆಗ ಅದನ್ನು ಸದಾ ಒದ್ದೆಯಾಗಿಡಬೇಕು. ಸಾಧಾರಣ ಸಿಮೆಂಟಿಗೆ ಏಳು ದಿನಗಳಾದರೂ, ಮಿಶ್ರ ಸಿಮೆಂಟಿಗೆ ಹತ್ತು ದಿನಗಳಾದರೂ ನೀರುಣಿಸಬೇಕು. ಕಲಸುವಾಗ ಜಿಪುಣತನ, ಕಲಸಿ ಹಾಕಿದ ಮೇಲೆ ಔದಾರ್ಯ, ಇದೇ ನೀರಿನ ನಿಯಮ. ಇದನ್ನು ಅರಿತ ಗೌಂಡಿಯೂ ಅರಿಯದ ಗೌಂಡಿಯೂ ಒಂದೇ ಸಿಮೆಂಟು, ಒಂದೇ ಖಡಿ, ಒಂದೇ ಉಸುಕಿನಿಂದ ಎರಡು ಬೇರೆಬೇರೆ ಆಯುಷ್ಯದ ಮನೆಗಳನ್ನು ಕಟ್ಟುತ್ತಾರೆ.

ವಿದ್ಯೆಯೆಂದರೆ ಹಳೆಯ ಕೈಕಸುಬನ್ನು ಹೀಗಳೆಯುವುದಲ್ಲ. ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಲಸ 1911ರಲ್ಲಿ ಮೊದಲಾದಾಗ ಸಿಮೆಂಟಿಗೆ ಬದಲಾಗಿ, ಸುಣ್ಣದೊಡನೆ ಇಟ್ಟಿಗೆಯ ಪುಡಿಯನ್ನು ಅರೆದ ಸುರ್ಕಿ ಗಾರೆಯನ್ನು ಬಳಸಿದರು. ನಮ್ಮ ಹಿರಿಯರ ಗಾರೆ ಅದು. ಅದನ್ನು ಎಂಜಿನಿಯರುಗಳು ಪರೀಕ್ಷಿಸಿ, ಪ್ರಮಾಣವನ್ನು ನಿಗದಿ ಮಾಡಿ ಬಳಸಿದುದರಿಂದ ಸುಮಾರು 130 ಅಡಿ ಎತ್ತರದ ಆ ಕಟ್ಟೆ ಇಂದಿಗೂ ಕಾವೇರಿಯ ನೀರನ್ನು ತಡೆದು ನಿಂತಿದೆ. ಕೈಯ ರೂಢಿಗೆ ಶಾಸ್ತ್ರದ ಅಳತೆ ಸೇರಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ದಿನಗಳ ಲೆಕ್ಕ

ನಾಲ್ಕನೆಯ ವಿದ್ಯೆ ಯೋಜನೆ ಮತ್ತು ನಿರ್ವಹಣೆ. ಯಾವ ಕೆಲಸ ಮೊದಲು, ಯಾವುದು ನಂತರ, ಎಷ್ಟು ಜನ, ಎಷ್ಟು ಹಣ, ಎಷ್ಟು ದಿನ ಎಂಬುದನ್ನು ಮುಂಚಿತವಾಗಿ ಎಣಿಸಿ, ಎಣಿಸಿದಂತೆ ನಡೆಸುವ ವಿದ್ಯೆ ಅದು. ಮೇಸ್ತ್ರಿಗಳು ಇದನ್ನು ಬಾಯಿಲೆಕ್ಕದಿಂದ ಮಾಡುತ್ತಾರೆ. ಕೆಲಸ ದೊಡ್ಡದಾದಂತೆ ಬಾಯಿಲೆಕ್ಕ ಸಾಲದು.

ಎರಡು ಕೋಣೆಗಳ ಒಂದು ಚಿಕ್ಕ ಶಾಲಾಕಟ್ಟಡವನ್ನು ಕಲ್ಪಿಸಿಕೊಳ್ಳೋಣ. ಅಡಿಪಾಯಕ್ಕೆ 12 ದಿನ, ಗೋಡೆಗೆ 20 ದಿನ, ಸೆಂಟ್ರಿಂಗ್ ಮತ್ತು ನೀರುಣಿಸುವುದೂ ಸೇರಿ ಛಾವಣಿಗೆ 25 ದಿನ, ಗಿಲಾವಿಗೆ 12 ದಿನ, ಬಾಗಿಲು ಕೂರಿಸಿ ಬಣ್ಣ ಬಳಿಯಲು 8 ದಿನ ಬೇಕೆನ್ನೋಣ. ಇವು ಒಂದಾದ ಮೇಲೊಂದರಂತೆ ನಡೆಯಬೇಕಾದ ಕೆಲಸಗಳು. ಒಟ್ಟು 77 ದಿನಗಳಾದುವು. ಇದೇ ಕಾಲದಲ್ಲಿ ಬಡಿಗನು ತನ್ನ ಕೊಟ್ಟಿಗೆಯಲ್ಲಿ ಬಾಗಿಲುಗಳನ್ನು ಸಿದ್ಧಪಡಿಸುತ್ತಿರುತ್ತಾನೆ. ಅವನಿಗೆ 30 ದಿನ ಸಾಕು. ಅವನ ಬಾಗಿಲುಗಳು ಬೇಕಾಗುವುದು ಗಿಲಾವು ಮುಗಿದ ಮೇಲೆ, ಎಂದರೆ 69 ದಿನಗಳು ಕಳೆದ ನಂತರ. ಆದುದರಿಂದ ಅವನು ಹತ್ತು ದಿನ ತಡಮಾಡಿದರೂ ಕಟ್ಟಡಕ್ಕೆ ಬಾಧಕವಿಲ್ಲ. ಅವನಿಗೆ 39 ದಿನಗಳ ಬಿಡುವು ಇದೆ. ಆದರೆ ಗೋಡೆಯ ಕೆಲಸ ನಾಲ್ಕು ದಿನ ತಡವಾದರೆ ಇಡೀ ಕಟ್ಟಡವೇ ನಾಲ್ಕು ದಿನ ತಡವಾಗುತ್ತದೆ. ಸ್ವಲ್ಪವೂ ಬಿಡುವಿಲ್ಲದ ಈ ಕೆಲಸಗಳ ಸಾಲಿಗೆ ನಿರ್ಣಾಯಕ ಪಥವೆಂದು ಹೆಸರು.

ಗೋವೆಯಲ್ಲಿ ಜೂನ್ ಮೊದಲ ವಾರದ ಸುಮಾರಿಗೆ ಮುಂಗಾರು ಹಿಡಿಯುತ್ತದೆ. ಮೇ 31ಕ್ಕೆ ಕೆಲಸ ಮುಗಿಯಬೇಕಾದರೆ ಹಿಂದಕ್ಕೆ ಎಣಿಸಬೇಕು. ಮೇ ತಿಂಗಳಿನ 31, ಏಪ್ರಿಲಿನ 30, ಮಾರ್ಚಿನ ಕೊನೆಯ 16 ದಿನಗಳು ಕೂಡಿ 77. ಎಂದರೆ ಮಾರ್ಚ್ 16ರಂದು ಗುದ್ದಲಿ ಬೀಳಲೇಬೇಕು. ಬಡಿಗನಿಗೆ ಇಬ್ಬರು ಸಹಾಯಕರನ್ನು ಕೊಟ್ಟು ಅವನ ಕೆಲಸವನ್ನು ಹತ್ತು ದಿನ ಮುಂಚಿತವಾಗಿ ಮುಗಿಸಿದರೆ ಒಂದು ದಿನವೂ ಉಳಿಯದು. ಹಣ ಮಾತ್ರ ವೆಚ್ಚವಾಗುವುದು. ಅದೇ ಇಬ್ಬರನ್ನು ಗೋಡೆಗೆ ಹಾಕಿದರೆ ದಿನಗಳು ಉಳಿದಾವು. ಛಾವಣಿಯ ಬಳಿ ಎಷ್ಟು ಜನರನ್ನು ನಿಲ್ಲಿಸಿದರೂ ಕಾಂಕ್ರೀಟು ಬಲಗೊಳ್ಳುವ ಕಾಲ ಕಡಿಮೆಯಾಗದು. ಅಲ್ಲಿ ಕಾಯುವುದೇ ಕೆಲಸ. ಎಲ್ಲಿ ಅವಸರ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ವಿವೇಕವೇ ಈ ವಿದ್ಯೆಯ ಸಾರ. 1957ರಲ್ಲಿ ಅಮೆರಿಕದ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿಯವರೂ, 1958ರಲ್ಲಿ ಆ ದೇಶದ ನೌಕಾಪಡೆಯವರೂ ಈ ಬಗೆಯ ಲೆಕ್ಕಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಇಂದು ದೊಡ್ಡ ಕಟ್ಟಡ, ಸೇತುವೆ, ಕಾರಖಾನೆಗಳ ಕೆಲಸಗಳಲ್ಲಿ ಗಣಕಯಂತ್ರದ ನೆರವಿನಿಂದ ಇದೇ ಲೆಕ್ಕ ನಡೆಯುತ್ತದೆ.

ಇದಕ್ಕೆ ನಿಜವಾದ ಉದಾಹರಣೆಯೂ ಕುಂಕಳ್ಳಿಗೆ ಹತ್ತಿರದಲ್ಲಿಯೇ ಇದೆ. ಪಕ್ಕದ ಬಾಳ್ಳಿಯ ನಿಲ್ದಾಣದಿಂದ ಹಾದುಹೋಗುವ ಕೊಂಕಣ ರೈಲುಮಾರ್ಗವು ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗೆ ಸುಮಾರು 740 ಕಿಲೋಮೀಟರು ಉದ್ದವಾದುದು. 1990ರಲ್ಲಿ ಇದಕ್ಕಾಗಿ ನಿಗಮವೊಂದು ಸ್ಥಾಪಿತವಾಯಿತು. ಇ. ಶ್ರೀಧರನ್ ಅವರು ಅದರ ಮುಖ್ಯಸ್ಥರಾಗಿದ್ದರು. ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಚಿಕ್ಕವು ದೊಡ್ಡವು ಸೇರಿ ಸುಮಾರು ಎರಡು ಸಾವಿರ ಸೇತುವೆಗಳು ಈ ಮಾರ್ಗಕ್ಕೆ ಬೇಕಾದುವು. ಹೊನ್ನಾವರದ ಬಳಿ ಶರಾವತಿಯ ಮೇಲಿನ ಸೇತುವೆಯೊಂದೇ ಎರಡು ಕಿಲೋಮೀಟರಿಗಿಂತ ಉದ್ದವಾಗಿದೆ. ಇಡೀ ಮಾರ್ಗವನ್ನು ಏಳು ವಿಭಾಗಗಳನ್ನಾಗಿ ಮಾಡಿ ಎಲ್ಲ ಕಡೆಯೂ ಏಕಕಾಲದಲ್ಲಿ ಕೆಲಸ ಹೂಡಿದರು. ಆರು ಕಿಲೋಮೀಟರಿಗಿಂತ ಉದ್ದವಾದ ಬಂಡೆಯ ಸುರಂಗವೂ ರತ್ನಾಗಿರಿಯ ಕಡೆ ಮುಗಿಯಿತು. ಆದರೆ ಉತ್ತರ ಗೋವೆಯ ಪೆರ್ನೆಂ ಎಂಬಲ್ಲಿ, ಒಂದೂವರೆ ಕಿಲೋಮೀಟರು ಉದ್ದದ ಸುರಂಗದಲ್ಲಿ ಬಂಡೆಯಿರಲಿಲ್ಲ. ನೀರು ಕುಡಿದ ಮೆತ್ತನೆಯ ಮಣ್ಣಿತ್ತು. ತೋಡಿದಂತೆ ಮಣ್ಣು ಕುಸಿಯುತ್ತಿತ್ತು. ಎರಡೂ ಕಡೆ ಹಳಿಗಳು ಸಿದ್ಧವಾಗಿದ್ದರೂ ಈ ಒಂದು ಸುರಂಗವು ಇಡೀ ಮಾರ್ಗವನ್ನು ಕಾಯಿಸಿತು. ಅದು ಮುಗಿದ ಮೇಲೆಯೇ, 1998ರ ಜನವರಿಯಲ್ಲಿ, ಮಾರ್ಗವು ಉದ್ದಕ್ಕೂ ತೆರೆಯಿತು. ನಿರ್ಣಾಯಕ ಪಥವೆಂದರೆ ಏನೆಂಬುದನ್ನು ಪೆರ್ನೆಂ ಸುರಂಗಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ಈ ಮಾರ್ಗದ ಕೆಲಸದಲ್ಲಿ ಅನೇಕ ಕಾರ್ಮಿಕರು ಪ್ರಾಣ ತೆತ್ತರು. ಯೋಜನೆಯ ವಿದ್ಯೆಯಲ್ಲಿ ದಿನ ಮತ್ತು ಹಣದ ಲೆಕ್ಕಕ್ಕಿಂತ ಮೊದಲು ಜನರ ಸುರಕ್ಷತೆಯ ಲೆಕ್ಕ ಬರಬೇಕೆಂಬುದನ್ನೂ ನಾವು ಇದರಿಂದ ಅರಿಯಬೇಕು.

ಮೆಟ್ಟಿಲುಗಳು

ಇನ್ನು ಈ ವಿದ್ಯೆಗಳನ್ನು ಪಡೆಯುವ ದಾರಿಯನ್ನು ನೋಡೋಣ.

ಮೊದಲನೆಯ ಮೆಟ್ಟಿಲು ಕೈಗಾರಿಕಾ ತರಬೇತಿ ಸಂಸ್ಥೆ, ಎಂದರೆ ಐ.ಟಿ.ಐ. ಭಾರತ ಸರಕಾರದ ಕುಶಲಕರ್ಮಿ ತರಬೇತಿ ಯೋಜನೆಯು 1950ರಲ್ಲಿ ಆರಂಭವಾಯಿತು. ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್, ಕಟ್ಟಡದ ನಕ್ಷೆಗಾರ ಮೊದಲಾದ ಕಸುಬುಗಳಿಗೆ ಹತ್ತನೆಯ ತರಗತಿ ಮುಗಿದಿರಬೇಕು. ಅವಧಿ ಎರಡು ವರ್ಷ. ವೆಲ್ಡರ್ ಕಸುಬು ಒಂದು ವರ್ಷದ್ದು. ಅದಕ್ಕೆ ಎಂಟನೆಯ ತರಗತಿ ತೇರ್ಗಡೆಯಾದವರೂ ಸೇರಬಹುದು. ಮಡಗಾಂವ, ವಾಸ್ಕೊ, ಕಾಕೋಡಾ, ಕಾಣಕೋಣ, ಫರ್ಮಾಗುಡಿ ಮುಂತಾದ ಕಡೆಗಳಲ್ಲಿ ಸರಕಾರಿ ಐ.ಟಿ.ಐ.ಗಳಿವೆ. ಇಲ್ಲಿ ಕಲಿತವರು 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರಖಾನೆಗಳಲ್ಲಿ ವೇತನ ಸಹಿತವಾದ ಅಭ್ಯಾಸಕ್ಕೂ ಸೇರಬಹುದು. ಕುಂಕಳ್ಳಿ, ವೆರ್ಣಾ ಮೊದಲಾದ ಕಡೆಗಳಲ್ಲಿ ಕೈಗಾರಿಕಾ ವಸಾಹತುಗಳಿರುವುದರಿಂದ ಅಂತಹ ಅಭ್ಯಾಸದ ಅವಕಾಶಕ್ಕಾಗಿ ದೂರ ಹೋಗಬೇಕಾಗಿಲ್ಲ.

ಎರಡನೆಯ ಮೆಟ್ಟಿಲು ಪಾಲಿಟೆಕ್ನಿಕ್. ಹತ್ತನೆಯ ತರಗತಿಯ ನಂತರ ಮೂರು ವರ್ಷ ಓದಿದರೆ ಡಿಪ್ಲೊಮಾ ದೊರೆಯುತ್ತದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೊದಲಾದ ಶಾಖೆಗಳುಂಟು. ಗೋವೆಯಲ್ಲಿ ಪಣಜಿ, ಡಿಚೋಲಿ ಮತ್ತು ಕುಡಚಡೆಗಳಲ್ಲಿ ಸರಕಾರಿ ಪಾಲಿಟೆಕ್ನಿಕ್‌ಗಳಿವೆ. ಕುಡಚಡೆಯದು ಕುಂಕಳ್ಳಿಗೆ ಸಮೀಪದ್ದು. ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶ ನಿಯಮಗಳಲ್ಲಿದೆ. ಆದುದರಿಂದ ಐ.ಟಿ.ಐ. ಸೇರಿದವನ ಓದು ಅಲ್ಲಿಗೇ ಮುಗಿಯಿತೆಂದು ಭಾವಿಸಬಾರದು.

ಮೂರನೆಯ ಮೆಟ್ಟಿಲು ಎಂಜಿನಿಯರಿಂಗ್ ಪದವಿ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿದವರು ಪ್ರವೇಶಪರೀಕ್ಷೆಯ ಮೂಲಕ ನಾಲ್ಕು ವರ್ಷದ ಈ ಪದವಿಗೆ ಸೇರುತ್ತಾರೆ. ಡಿಪ್ಲೊಮಾ ಪಡೆದವರಾದರೋ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 1967ರಲ್ಲಿ ಸ್ಥಾಪಿತವಾದ ಫರ್ಮಾಗುಡಿಯ ಗೋವಾ ಎಂಜಿನಿಯರಿಂಗ್ ಕಾಲೇಜು ಈ ರಾಜ್ಯದಲ್ಲಿ ಹಳೆಯದು. ಫಾತೋರ್ಡಾ, ವೆರ್ಣಾ ಮೊದಲಾದ ಕಡೆಗಳಲ್ಲಿ ಖಾಸಗಿ ಕಾಲೇಜುಗಳಿವೆ. ಕುಂಕಳ್ಳಿಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಸಿವಿಲ್, ಮೆಕ್ಯಾನಿಕಲ್, ವಿದ್ಯುತ್, ಎಲೆಕ್ಟ್ರಾನಿಕ್ಸ್, ಗಣಕವಿಜ್ಞಾನ ಶಾಖೆಗಳಿವೆ. ಅಲ್ಲಿಗೆ ಜೆ.ಇ.ಇ. ಮೇನ್ ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕವೇ ಹೋಗಬೇಕು; ಡಿಪ್ಲೊಮಾದ ಪಕ್ಕದ ಬಾಗಿಲು ಅಲ್ಲಿಲ್ಲ. ಇಂತಹ ಸಂಸ್ಥೆಗಳಲ್ಲಿ ಸುಮಾರು ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದ ವಿದ್ಯಾರ್ಥಿಗಳಿಗೆ ಮೀಸಲಾಗಿರುತ್ತವೆ. ಹನ್ನೆರಡನೆಯ ತರಗತಿಯನ್ನು ಯಾವ ರಾಜ್ಯದಲ್ಲಿ ಮುಗಿಸಿದರೋ ಆ ರಾಜ್ಯದವರೆಂದು ಈ ಲೆಕ್ಕದಲ್ಲಿ ಪರಿಗಣಿಸುತ್ತಾರೆ. ಓದುತ್ತಿರುವ ಮಕ್ಕಳನ್ನು ಹನ್ನೊಂದು ಹನ್ನೆರಡನೆಯ ತರಗತಿಗೆ ಊರಿಗೆ ಕಳಿಸಬೇಕೇ, ಗೋವೆಯಲ್ಲಿಯೇ ಇರಿಸಿಕೊಳ್ಳಬೇಕೇ ಎಂದು ಆಲೋಚಿಸುವ ಪಾಲಕರು ಇದನ್ನು ಮರೆಯಬಾರದು.

ನಾಲ್ಕನೆಯದು ಉನ್ನತ ಶಿಕ್ಷಣ. ಪದವಿಯ ನಂತರ ನಿರ್ಮಾಣ ನಿರ್ವಹಣೆ, ಉತ್ಪಾದನಾ ತಂತ್ರ ಮುಂತಾದ ವಿಷಯಗಳಲ್ಲಿ ವಿಶೇಷವಾಗಿ ಓದಬಹುದು. ನಿರ್ಮಾಣ ಕೆಲಸಗಳ ನಿರ್ವಹಣೆಯನ್ನೇ ಕಲಿಸುವುದಕ್ಕಾಗಿ 1983ರಲ್ಲಿ ನಿಕ್ಮಾರ್ ಎಂಬ ಸಂಸ್ಥೆಯು ನಮ್ಮ ದೇಶದಲ್ಲಿ ಸ್ಥಾಪಿತವಾಯಿತು. ಯೋಜನೆಯ ವಿದ್ಯೆಗೆ ಪ್ರತ್ಯೇಕವಾದ ಸ್ಥಾನ ದೊರೆತಿದೆಯೆಂಬುದಕ್ಕೆ ಇದು ನಿದರ್ಶನ.

ಈ ಏಣಿಯ ವಿಶೇಷವೇನೆಂದರೆ, ಒಂದು ಮೆಟ್ಟಿಲಲ್ಲಿ ನಿಂತು ಕೆಲವು ಕಾಲ ದುಡಿದು, ಮತ್ತೆ ಮುಂದಿನದನ್ನು ಏರಬಹುದು. ನೇರವಾಗಿ ಮೇಲಕ್ಕೆ ಜಿಗಿಯಲಾರದವರಿಗೆ ಬಾಗಿಲು ಮುಚ್ಚಿಲ್ಲ. ಆದರೆ ಹತ್ತನೆಯ ತರಗತಿಯನ್ನು ಮುಗಿಸದೆ ಬಿಟ್ಟವರಿಗೆ ಹೆಚ್ಚಿನ ಬಾಗಿಲುಗಳೆಲ್ಲ ಒಮ್ಮೆಗೇ ಮುಚ್ಚುತ್ತವೆ. ಇದೊಂದನ್ನು ಎಲ್ಲರೂ ಮನಸ್ಸಿನಲ್ಲಿ ಇಡಬೇಕು.

ಭಾಷೆಯ ಭಯ

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನಲ್ಲಿ ನಡೆಯುವ ಕಾಲೇಜಿನಲ್ಲಿ ತಾಳಬಲ್ಲರೇ ಎಂಬ ಸಂದೇಹ ಸಹಜವಾದುದು. ಮೊದಲ ಕೆಲವು ತಿಂಗಳು ಕಷ್ಟವಾಗುವುದು ನಿಜ; ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ತಾಂತ್ರಿಕ ವಿದ್ಯೆಯ ನಿಜವಾದ ಭಾಷೆ ಗಣಿತ ಮತ್ತು ನಕ್ಷೆ. ಇವೆರಡಕ್ಕೂ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ತನ್ನ ಮಾತಿನಲ್ಲಿ ವಿಷಯವನ್ನು ಚೆನ್ನಾಗಿ ತಿಳಿದವನಿಗೆ ಇನ್ನೊಂದು ಭಾಷೆಯ ಪದಗಳನ್ನು ಕಲಿಯುವುದಷ್ಟೇ ಉಳಿಯುತ್ತದೆ. ವಿಷಯವೇ ತಿಳಿಯದೆ ಪದಗಳನ್ನು ಬಾಯಿಪಾಠ ಮಾಡಿದವನಿಗೆ ಎರಡೂ ಇಲ್ಲ. ಎಂಟನೆಯ ತರಗತಿಯಿಂದಲೇ ವಿದ್ಯಾರ್ಥಿಗಳು ಒಂದು ಪುಸ್ತಕವನ್ನಿಟ್ಟುಕೊಂಡು, ವಿಜ್ಞಾನ ಗಣಿತಗಳ ಪಾಠದಲ್ಲಿ ಬರುವ ಪ್ರತಿಯೊಂದು ಪಾರಿಭಾಷಿಕ ಪದದ ಎದುರಿಗೆ ಅದರ ಇಂಗ್ಲಿಷ್ ಪದವನ್ನು ಬರೆದುಕೊಂಡು ಬಂದರೆ, ಮೂರು ವರ್ಷಗಳಲ್ಲಿ ಭಯದ ಬಹುಭಾಗ ಕಳೆಯುತ್ತದೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2021ರಿಂದ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿದೆ. ಡಿಪ್ಲೊಮಾ ಮತ್ತು ಪದವಿಯ ಕೆಲವು ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೂ ಹೊರತಂದಿದೆ. ಇಂಗ್ಲಿಷಿನಲ್ಲಿ ಓದುವವರು ಸಹ ಇವನ್ನು ಪಕ್ಕದಲ್ಲಿಟ್ಟುಕೊಂಡರೆ ಪಾಠ ಬೇಗನೆ ಮನಸ್ಸಿಗೆ ಹತ್ತುತ್ತದೆ. ಜೆ.ಇ.ಇ. ಮೇನ್ ಪರೀಕ್ಷೆಯ ಪ್ರಶ್ನೆಪತ್ರಿಕೆಯು 2021ರಿಂದ ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ಬರುತ್ತಿದೆ. ಆದರೆ ಕನ್ನಡದ ಪತ್ರಿಕೆಯನ್ನು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಕೊಡುವ ಪದ್ಧತಿಯಿರುವುದರಿಂದ, ಅರ್ಜಿ ತುಂಬುವಾಗ ಭಾಷೆಯನ್ನೂ ಕೇಂದ್ರವನ್ನೂ ನೋಡಿಕೊಂಡು ಆರಿಸಬೇಕು.

ಕಾಗದಪತ್ರ ಮತ್ತು ಹಣ

ಬುದ್ಧಿಯಿದ್ದೂ ಕಾಗದವಿಲ್ಲದೆ ಸ್ಥಾನ ಕಳೆದುಕೊಳ್ಳುವುದು ದುಃಖದ ಸಂಗತಿ. ಜನನ ಪತ್ರ, ನಿವಾಸದ ಪ್ರಮಾಣಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು, ಶಾಲೆಯ ವ್ಯಾಸಂಗಪತ್ರ, ಇವುಗಳಲ್ಲಿ ಹೆಸರು, ಅಡ್ಡಹೆಸರು, ಹುಟ್ಟಿದ ದಿನ ಒಂದೇ ರೀತಿಯಾಗಿವೆಯೇ ಎಂಬುದನ್ನು ಒಂಬತ್ತನೆಯ ತರಗತಿಯಲ್ಲಿಯೇ ನೋಡಿಕೊಳ್ಳಬೇಕು. ಗೋವೆಯ ಪ್ರವೇಶ ನಿಯಮಗಳನ್ನು ಪರ್ವರಿಯಲ್ಲಿರುವ ತಾಂತ್ರಿಕ ಶಿಕ್ಷಣ ನಿರ್ದೇಶನಾಲಯವು ಪ್ರತಿವರ್ಷ ಪ್ರಕಟಿಸುತ್ತದೆ. ರಾಜ್ಯದಲ್ಲಿ ಎಷ್ಟು ವರ್ಷ ವಾಸವಾಗಿದ್ದೀರಿ ಎಂಬುದನ್ನು ಅಲ್ಲಿ ಕೇಳುತ್ತಾರೆ. ಆದುದರಿಂದ ಬಾಡಿಗೆಯ ಮನೆ ಬದಲಿಸಿದಾಗಲೂ ವಾಸದ ದಾಖಲೆಗಳನ್ನು ಜೋಪಾನವಾಗಿಡಬೇಕು.

ಕರ್ನಾಟಕದಲ್ಲಿ ಓದಲು ಬಯಸುವವರಿಗೂ ದಾರಿಯುಂಟು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಪ್ರತ್ಯೇಕ ಅರ್ಹತೆಗಳಿವೆ. ಹಾಗೆ ಅರ್ಜಿ ಸಲ್ಲಿಸುವವರು ಕನ್ನಡ ಭಾಷಾ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕು. ನಮ್ಮ ಮಕ್ಕಳಿಗೆ ಅದು ಹೊರೆಯಲ್ಲ, ವರವೇ ಸರಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಅಲ್ಲಿ ಮೀಸಲಾತಿಯುಂಟು. ಪ್ರತಿಯೊಂದಕ್ಕೂ ತಕ್ಕ ಷರತ್ತುಗಳಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಅಧ್ಯಾಪಕರ ಜೊತೆ ಕುಳಿತು ಓದುವುದು ಒಳ್ಳೆಯದು.

ಹಣದ ವಿಷಯದಲ್ಲಿ ಎರಡು ಮಾತು. ತಾಂತ್ರಿಕ ಡಿಪ್ಲೊಮಾ ಮತ್ತು ಪದವಿಗೆ ಸೇರಿದ ಹೆಣ್ಣುಮಕ್ಕಳಿಗಾಗಿ ತಾಂತ್ರಿಕ ಶಿಕ್ಷಣ ಮಂಡಳಿಯ ಪ್ರಗತಿ ಎಂಬ ವಿದ್ಯಾರ್ಥಿವೇತನವಿದೆ. ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ ಸಲ್ಲುತ್ತದೆ. ಎರಡನೆಯದಾಗಿ, 1996ರ ಕಾನೂನಿನಿಂದ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಪ್ರತಿ ರಾಜ್ಯದಲ್ಲಿಯೂ ಮಂಡಳಿಗಳು ಏರ್ಪಟ್ಟವು. ನೋಂದಾಯಿತರಾದ ಕಾರ್ಮಿಕರ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು ಕೊಡುವುದು ಆ ಮಂಡಳಿಗಳ ಕಾರ್ಯಗಳಲ್ಲಿ ಒಂದು. ಹೆಸರು ನೋಂದಾಯಿಸದಿದ್ದರೆ ನೆರವಿಲ್ಲ. ವರ್ಷಗಟ್ಟಲೆ ಗೌಂಡಿಯಾಗಿ, ಬಡಿಗನಾಗಿ, ಕಬ್ಬಿಣ ಕಟ್ಟುವವನಾಗಿ ದುಡಿದ ತಂದೆಯು ಈ ಒಂದು ದಿನದ ಕೆಲಸವನ್ನು ಮಾಡದೆ ಬಿಟ್ಟರೆ, ತನ್ನ ಬೆವರಿನಿಂದಲೇ ಬಂದ ಹಕ್ಕನ್ನು ಮಕ್ಕಳಿಂದ ತಪ್ಪಿಸಿದಂತಾಗುತ್ತದೆ.

ಪಾಲಕರಲ್ಲಿ ಒಂದು ಮಾತು

ಹದಿನಾರು ವರ್ಷದ ಮಗನು ಕೂಲಿಗೆ ಹೋದರೆ ಅಂದೇ ಸಂಜೆ ಮನೆಗೆ ಹಣ ಬರುತ್ತದೆ. ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷ ಮನೆಯಿಂದಲೇ ಹಣ ಹೋಗುತ್ತದೆ. ಬಡತನದಲ್ಲಿ ಈ ಲೆಕ್ಕ ಸುಲಭವಾದುದಲ್ಲ. ಆದರೆ ಬುಟ್ಟಿ ಹೊರುವ ಬಲ ಮೂವತ್ತೈದರ ಮೇಲೆ ವರ್ಷವರ್ಷಕ್ಕೂ ಇಳಿಯುತ್ತದೆ. ಅಳತೆ ಬಲ್ಲವನ, ನಕ್ಷೆ ಓದಬಲ್ಲವನ ಬೆಲೆ ವರ್ಷವರ್ಷಕ್ಕೂ ಏರುತ್ತದೆ. ಇಂದಿನ ಮೂರು ವರ್ಷವನ್ನು ಮುಂದಿನ ಮೂವತ್ತು ವರ್ಷಗಳ ಜೊತೆಗಿಟ್ಟು ತೂಗಬೇಕು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಕಟ್ಟಡದ ಕೆಲಸದಲ್ಲಿ ಹೆಂಗಸರು ಕಲ್ಲು ಮಣ್ಣು ಹೊರುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಹಾಗಿರುವಾಗ ಅವರ ಮಗಳು ನಕ್ಷೆ ಹಿಡಿದು ಅದೇ ಕಟ್ಟಡದ ಮೇಲ್ವಿಚಾರಣೆ ಮಾಡಿದರೆ ಅದು ಹೇಗೆ ಅನುಚಿತವಾದೀತು?

ಸರ್ ಎಂ. ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ತಮ್ಮ ಓದಿನ ವೆಚ್ಚವನ್ನು ಸರಿತೂಗಿಸಿಕೊಂಡರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮೈಸೂರಿನ ದಿವಾನರಾದರು. ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಗುವಂತೆ ಮಾಡಿದರು. ಅಷ್ಟಕ್ಕೇ ತೃಪ್ತರಾಗದೆ, ಕೈಯಿಂದ ಕೆಲಸ ಮಾಡುವವರಿಗೂ ಶಾಸ್ತ್ರ ತಿಳಿಯಬೇಕೆಂದು 1943ರಲ್ಲಿ ಅದೇ ನಗರದಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಶ್ರಮಿಸಿದರು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಮೇಲಿನ ಮೆಟ್ಟಿಲಿನಷ್ಟೇ ಕೆಳಗಿನ ಮೆಟ್ಟಿಲೂ ಗಟ್ಟಿಯಾಗಿರಬೇಕೆಂಬುದು ಆ ಮಹನೀಯರ ಕಾಣ್ಕೆಯಾಗಿತ್ತು.

ವಿದ್ಯಾರ್ಥಿಗಳೇ, ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಹೇಳಿದ್ದಾರೆ. ಕೆಸರಾದ ಆ ಕೈಗೆ ಅಳತೆಗೋಲು, ನಕ್ಷೆ, ಲೆಕ್ಕ ಇವುಗಳೂ ಸೇರಬೇಕಾದ ಕಾಲ ಇದು. ಗಣಿತವನ್ನು ಕೈಬಿಡಬೇಡಿರಿ. ಹತ್ತನೆಯ ತರಗತಿಯನ್ನು ಮುಗಿಸದೆ ಶಾಲೆಯನ್ನು ಬಿಡಬೇಡಿರಿ. ಯಾವ ಮೆಟ್ಟಿಲು ನಿಮ್ಮ ಕಾಲಿಗೆ ನಿಲುಕುವುದೋ ಅದರ ಮೇಲೆ ಧೈರ್ಯವಾಗಿ ಹೆಜ್ಜೆಯಿಡಿರಿ. ಮುಂದಿನ ಮೆಟ್ಟಿಲು ಅಲ್ಲಿಂದ ಕಾಣುತ್ತದೆ.